ಎರಡು ಸಲ ಹುಟ್ಟಿದ ನೀರಿನ ಮಟ್ಟ

ಬದುಕಿರುವವರಿಗೆ ಬೆಸ ಹೂವು, ಸತ್ತವರಿಗೆ ಸಮ ಹೂವು. ಡ್ಯಾನ್ಯೂಬ್ ದಂಡೆಯ ನಮ್ಮ ರೂಸೆ ಪಟ್ಟಣದಲ್ಲಿ ಇದು ಹಾಲುಗಲ್ಲದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಅಂಗಡಿಯಲ್ಲಿ ಏಳು ಕಾರ್ನೇಷನ್ ಹೂವನ್ನು ಎಣಿಸಿಯೇ ಕೊಂಡಿದ್ದೆ. ಗೊತ್ತಿಲ್ಲದೆ ಇದ್ದದ್ದು ಟ್ರಾಲಿಬಸ್ಸಿನ ಬಾಗಿಲಿಗೆ. ನಾನು ಇಳಿಯುವುದಕ್ಕೂ ಅದು ಮುಚ್ಚಿಕೊಳ್ಳುವುದಕ್ಕೂ ಸರಿಹೋಗಿ, ಒಂದು ಹೂವಿನ ತಲೆಯನ್ನು ಕಚ್ಚಿಕೊಂಡು ಬಸ್ಸು ಮುಂದಿನ ನಿಲ್ದಾಣಕ್ಕೆ ಹೋಯಿತು. ನಾನು ಇದನ್ನು ಗಮನಿಸದೆ, ಮುಖದ ಮೇಲೆ ಒಂದು ನಗೆ ಅಂಟಿಸಿಕೊಂಡು, ನಾಲ್ಕನೇ ಮಹಡಿ ಹತ್ತಿ ಕರೆಗಂಟೆ ಒತ್ತಿದೆ.

ರಾದೋಸ್ವೆತಾ ಬಾಗಿಲು ತೆರೆದಳು. ಅವಳ ಕಾಲಿನ ಸಂದಿಯಿಂದ ನಾಯಿ ಇಣುಕಿತು. ಹೂವನ್ನು ತೆಗೆದುಕೊಂಡವಳು ಹುಬ್ಬು ಏರಿಸಿದಳು.

"ಯಾರು ಹೋಗಿದ್ದು, ಮಿಂಕೊ?"

"ಎಲ್ಲಿಗೆ, ಸ್ವೆತಕ್ಕ?"

"ಆರು ಹೂ ತಂದಿದೀಯಲ್ಲ. ನಾನೇ ಹೋಗ್ಬಿಟ್ಟಿದೀನಾ ಹೇಗೆ, ನಂಗೇ ಗೊತ್ತಿಲ್ದೆ?"

ಆಗ ನೋಡಿದೆ. ಆರು ಹೂವಿನ ನಡುವೆ ಒಂದು ಬೋಳು ಕಡ್ಡಿ ನಿಂತಿತ್ತು, ನನ್ನ ಹಾಗೆಯೇ. ಅದೇ ಹೊತ್ತಿಗೆ ಎದುರು ಮನೆಯ ಅಜ್ಜಿ ಕಸದ ಚೀಲ ಹಿಡಿದು ಹೊರಗೆ ಬಂದವಳು ಹೂವು ನೋಡಿ, ನನ್ನ ಕಪ್ಪು ಕೋಟು ನೋಡಿ, ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ಅಯ್ಯೋ ದೇವರೇ, ನೈಚೊ ಹೋಗ್ಬಿಟ್ನಾ? ಒಳ್ಳೇ ಮನುಷ್ಯ ಕಣಮ್ಮ, ಮಾತೊಂದು ಇರ್ಲಿಲ್ಲ ಅಷ್ಟೆ."

"ಇದಾನಜ್ಜಿ, ಇದಾನೆ," ಎಂದು ಸ್ವೆತಾ ಒಂದು ಹೂವನ್ನು ಕಿತ್ತು ಅಜ್ಜಿಯ ಕೈಗೆ ಕೊಟ್ಟಳು. ಐದಾಯಿತು. "ಈಗ ನಾನೂ ಇದೀನಿ. ಒಳಗೆ ಬಾ, ಮಿಂಕೊ. ಕಳಿಸಿದ್ದು ಬೋಝಿಲ್ಲಾ, ಅವನಾ?"

ಅವನು ಎಂದರೆ ನೈಚೊ ಚಾಕರೊವ್, ಅವಳ ಗಂಡನಾಗಿದ್ದವನು. ಬೋಝಿಲ್ ಎಂದರೆ ನಮ್ಮ ಮೂವರಿಗೂ ಅನ್ನ ಹಾಕುವ ಬಾಸ್. ನಾನು ಬಂದದ್ದು ಬೋಝಿಲ್ ಕಳಿಸಿದ್ದಕ್ಕೆ. ಆದರೆ ಬೇಡಿಕೆ ನೈಚೊನದು. ಸ್ವೆತಾ ಒಂದು ದಿನ ಆಫೀಸಿಗೆ ಬಂದು, ನೈಚೊನ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೇ ಒಂದು ಸಾಲು ಯಾರ ಫೈಲಿನಲ್ಲಿ ಇರಬೇಕೆಂದು ಅವನ ಜೊತೆ ಮಾತಾಡಿ ತೀರ್ಮಾನಿಸಬೇಕು. ಇಷ್ಟೇ. ಇಷ್ಟಕ್ಕೆ ಏಳು ಹೂವು ಬೇಕೇ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನೈಚೊನ ಕತೆಯನ್ನು ಮೊದಲಿನಿಂದಲೇ ಹೇಳಬೇಕು.

ನೈಚೊ ಹುಟ್ಟಿದ್ದು ನಮ್ಮಿಂದ ನದಿಯ ಕೆಳಹರಿವಿನಲ್ಲಿರುವ ತುತ್ರಕಾನಿನಲ್ಲಿ. ಅವನಪ್ಪ ಡ್ಯಾನ್ಯೂಬಿನ ಬೋಯೆಗಳ ಕಾವಲುಗಾರ. ಹಡಗಿಗೆ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಗುರುತುಗಳಿವೆಯಲ್ಲ, ನೀರು ಇಳಿದಂತೆ ಏರಿದಂತೆ ಅವನ್ನು ಅತ್ತ ಇತ್ತ ಸರಿಸುವ ಕೆಲಸ. ಆಗೆಲ್ಲ ಮಧ್ಯಾಹ್ನ ರೇಡಿಯೋದಲ್ಲಿ ಊರೂರಿನ ನೀರಿನ ಮಟ್ಟ ಹೇಳುತ್ತಿದ್ದರು. ಈ ಊರಲ್ಲಿ ಇಷ್ಟು ಸೆಂಟಿಮೀಟರ್, ನಿನ್ನೆಗಿಂತ ಇಷ್ಟು ಕಡಿಮೆ, ಹೀಗೆ. ಅಷ್ಟು ಹೊತ್ತು ಆ ಮನೆಯಲ್ಲಿ ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಸೂಪು ಕುಡಿಯುವ ಚಮಚ ಕೂಡ ಬಟ್ಟಲಿಗೆ ತಾಗಬಾರದು. ನೈಚೊ ಆ ಶಿಸ್ತನ್ನು ಚೆನ್ನಾಗಿ ಕಲಿತ. ಎಷ್ಟು ಚೆನ್ನಾಗಿ ಎಂದರೆ ರೇಡಿಯೋ ಆರಿಸಿದ ಮೇಲೂ ಅವನಿಗೆ ಮಾತು ಬರಲಿಲ್ಲ.

ಓದು ಮುಗಿಸಿ ರೂಸೆಗೆ ಬಂದವನಿಗೆ ನದಿ ಸಾರಿಗೆಯ ಲೆಕ್ಕದ ಕೋಣೆಯಲ್ಲಿ ಕೆಲಸ ಸಿಕ್ಕಿತು. ಬೀರುವಿನಷ್ಟು ಎತ್ತರದ ಯಂತ್ರಗಳು, ಬಿಳಿ ಕೋಟು, ಚಪ್ಪಲಿ ಹೊರಗೆ ಬಿಡಬೇಕು. ಎದುರಿನ ಮೇಜಿನಲ್ಲಿ ರಾದೋಸ್ವೆತಾ. ಅವಳು ನದಿಯ ನಕ್ಷೆ ಬರೆಯುವ ಪ್ರೋಗ್ರಾಂ ಮಾಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಊಟ, ಒಟ್ಟಿಗೆ ನಡಿಗೆ; ಕಡೆಗೆ ಅವಳೇ ಬಾಯಿ ಬಿಟ್ಟು ಕೇಳಬೇಕಾಯಿತಂತೆ. "ನೀನು ನನ್ನ ಮದ್ವೆ ಆಗ್ತೀಯೋ ಅಥ್ವಾ ಹೀಗೇ ದಿನಾ ಮನೆ ತನಕ ಬಿಟ್ಟು ಹೋಗ್ತಿರ್ತೀಯೋ?" ನೈಚೊ ಯೋಚಿಸಿ "ಹೌದು" ಎಂದನಂತೆ. ಯಾವುದಕ್ಕೆ ಹೌದು ಎಂದು ಬಿಡಿಸಿಕೊಳ್ಳಲು ಅವಳಿಗೆ ಇನ್ನೊಂದು ವಾರ ಹಿಡಿಯಿತು.

ಕಾಲ ಬದಲಾಗಿ ಲೆಕ್ಕದ ಕೋಣೆ ಮುಚ್ಚಿತು. ಬೀರುವಿನಂಥ ಯಂತ್ರಗಳು ಗುಜರಿಗೆ ಹೋದವು. ಗಂಡ ಹೆಂಡತಿ ಅಡಿಗೆಮನೆಯ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಸ್ವಂತ ಕೆಲಸ ಶುರುಮಾಡಿದರು. ಹಡಗಿನ ನಾವಿಕರ ಬಳಿ ನದಿಯ ನಕ್ಷೆ ತೋರಿಸುವ ಒಂದು ದೊಡ್ಡ ಪ್ರೋಗ್ರಾಂ ಇರುತ್ತದೆ, ಹೊರದೇಶದ್ದು. ಅದಕ್ಕೆ ನಮ್ಮ ನದಿಯ ಮರಳು ದಿಣ್ಣೆಗಳ ಕಿತಾಪತಿ ಗೊತ್ತಿಲ್ಲ. ಆ ತಿಳಿವಳಿಕೆಯನ್ನು ಅದರ ಬಗಲಿಗೆ ಸಿಕ್ಕಿಸುವ ಚಿಕ್ಕ ತುಂಡಿಗೆ ಪ್ಲಗಿನ್ ಎನ್ನುತ್ತಾರೆ. ಇವರು ಬರೆದ ಪ್ಲಗಿನ್ನಿನ ಹೆಸರು 'ಸೋಮ್'. ನದಿಯ ತಳದಲ್ಲಿ ಹೊಟ್ಟೆ ಒರಗಿಸಿ ಮಲಗುವ ಮೀಸೆಯ ಮೀನಿನ ಹೆಸರು ಅದು. ಹಡಗಿನ ಹೊಟ್ಟೆ ಎಲ್ಲಿ ನೆಲಕ್ಕೆ ತಾಗುತ್ತದೆ ಎಂದು ಹೇಳುವುದೇ ಸೋಮ್‌ನ ಕೆಲಸ.

ಅದರಲ್ಲಿ ಎರಡು ಫೈಲು. ನೈಚೊನ ಫೈಲು ಓದುವುದು. ಅಳತೆಗೋಲುಗಳಿಂದ ಬರುವ ಅಂಕಿಯನ್ನು ಓದಿ 'ನಿವೊ' ಎಂಬ ಹೆಸರಿನ ಡಬ್ಬಿಯಲ್ಲಿ ಹಾಕುವುದು. ನಿವೊ ಎಂದರೆ ಮಟ್ಟ. ಸ್ವೆತಾಳ ಫೈಲು ಬರೆಯುವುದು. ಅದೇ ಡಬ್ಬಿಯಿಂದ ಅಂಕಿ ತೆಗೆದು, ಆಳವಿಲ್ಲದ ಕಡೆ ನಕ್ಷೆಗೆ ಕೆಂಪು ಬಳಿಯುವುದು. ಆ ಡಬ್ಬಿ ಎಲ್ಲಿದೆ ಎಂದು ಪ್ರೋಗ್ರಾಮಿನಲ್ಲಿ ಒಂದು ಕಡೆ ಸಾರಬೇಕು. ಇವರು ಇಬ್ಬರೂ ತಂತಮ್ಮ ಫೈಲಿನ ತಲೆಯಲ್ಲಿ ಸಾರಿದರು. ನೈಚೊನ ಫೈಲಿನಲ್ಲಿ 'ಇಲ್ಲಿ ನಿವೊ ಇದೆ' ಎಂಬ ಸಾಲು. ಸ್ವೆತಾಳ ಫೈಲಿನಲ್ಲೂ 'ಇಲ್ಲಿ ನಿವೊ ಇದೆ' ಎಂಬ ಸಾಲು. ಮೇಜು ಒಂದು, ನದಿ ಒಂದು, ಮಟ್ಟ ಎರಡಾಗುವುದು ಹೇಗೆ? ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರೂ ಹಾಗೆಯೇ ಭಾವಿಸಿತು. ಒಂದೇ ಹೆಸರು ಎರಡು ಕಡೆ ಕಂಡರೆ, ಎರಡೂ ಒಂದೇ ಇರಬೇಕೆಂದು ಕೊನೆಯಲ್ಲಿ ಲಿಂಕರಿಗೆ ಬಿಟ್ಟುಕೊಡುತ್ತಿತ್ತು. ಫೈಲುಗಳನ್ನು ಸೇರಿಸಿ ಗಂಟು ಹಾಕುವ ಪುರೋಹಿತನೇ ಲಿಂಕರ್. ಅದು ಯಾರನ್ನೂ ಕೇಳದೆ ಎರಡು ಡಬ್ಬಿಯನ್ನು ಒಂದು ಮಾಡಿ ಕೂರಿಸುತ್ತಿತ್ತು. ಅದು ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. ನಡೆಯುತ್ತಿರುವ ಗಾಡಿಯ ಚಕ್ರ ಯಾರು ಬಿಚ್ಚುತ್ತಾರೆ?

ಈ ನಡುವೆ ಮದುವೆಯ ಚಕ್ರ ಬಿಚ್ಚಿಕೊಂಡಿತು. ಹೊಡೆದಾಟವಿಲ್ಲ, ಕುಡಿತವಿಲ್ಲ, ಬೇರೆ ಹೆಣ್ಣು ಗಂಡು ಯಾರೂ ಇಲ್ಲ. ಪ್ರೋಗ್ರಾಮಿನಲ್ಲಿ ಕಮೆಂಟ್ ಎಂಬುದೊಂದಿದೆ: ಯಂತ್ರ ಓದದೆ ದಾಟಿಹೋಗುವ, ಮನುಷ್ಯರಿಗಷ್ಟೇ ಬರೆದಿಡುವ ಟಿಪ್ಪಣಿ. ನೈಚೊ ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಅವಳ ಫೈಲಿನ ಕಮೆಂಟಿನಲ್ಲಿ ಬರೆಯುತ್ತಿದ್ದ. 'ಸ್ವೆತಾ, ಈ ಬಣ್ಣ ಚೆನ್ನಾಗಿದೆ.' 'ಸ್ವೆತಾ, ಹಾಲು ಮುಗಿದಿದೆ.' ಅವಳ ಅಪ್ಪ ತೀರಿಕೊಂಡಾಗ ಇವನು ಶವದ ಪಕ್ಕ ಮೂರು ದಿನ ನಿಂತ, ಪೆಟ್ಟಿಗೆಗೆ ಹೆಗಲು ಕೊಟ್ಟ, ಬಂದವರಿಗೆಲ್ಲ ಬೇಯಿಸಿದ ಗೋಧಿ ಹಂಚಿದ. ಅವಳಿಗೆ ಒಂದು ಮಾತು ಆಡಲಿಲ್ಲ. ಎಷ್ಟೋ ದಿನದ ಮೇಲೆ ಅವಳು ಯಾವುದೋ ತಪ್ಪು ಹುಡುಕುತ್ತ ತನ್ನ ಫೈಲಿನ ನಡುಭಾಗಕ್ಕೆ ಹೋದಾಗ, ಮರಳು ದಿಣ್ಣೆಗೆ ಬಣ್ಣ ಬಳಿಯುವ ಸಾಲುಗಳ ಮಧ್ಯೆ ಸಿಕ್ಕಿತಂತೆ: 'ಸ್ವೆತಾ, ಅಪ್ಪನ ವಿಷಯ ನನಗೂ ತುಂಬಾ ದುಃಖವಾಯಿತು.'

"ಅತ್ಬಿಟ್ಟೆ ನಾನು, ಅವತ್ತು," ಎಂದು ಅವಳೇ ನನಗೆ ಒಮ್ಮೆ ಹೇಳಿದ್ದಳು. "ಆಮೇಲೆ ಅನ್ನಿಸ್ತು. ಆ ತಪ್ಪು ಹುಡುಕ್ಕೊಂಡು ಹೋಗದೆ ಇದ್ದಿದ್ರೆ? ಇನ್ನೂ ಎಷ್ಟು ಬರ್ದಿಟ್ಟಿದಾನೋ, ನಾನು ಎಲ್ಲೆಲ್ಲಿ ಅಗೀತಾ ಕೂರ್ಲಿ?"

ಬೇರೆಯಾದಾಗ ಎಲ್ಲವನ್ನೂ ಹಂಚಿಕೊಂಡರು. ಊರಾಚೆಯ ತೋಟದ ತುಂಡಿನ ನಡುವೆ ದಾರ ಕಟ್ಟಿದರು; ಟೊಮೆಟೊ ಸಾಲು ಅವಳ ಕಡೆ ಬಿತ್ತು, ಕೆಂಪು ಮೆಣಸಿನಕಾಯಿ ಸಾಲು ಇವನ ಕಡೆ. ಎರಡೂ ಇಲ್ಲದೆ ಲ್ಯುತೆನಿತ್ಸಾ ಚಟ್ನಿ ಆಗುವುದಿಲ್ಲ. ಆದರೂ ಶರತ್ಕಾಲ ಬಂದರೆ ದಾರದ ಆಚೆ ಅವಳು ಸಂತೆಯಿಂದ ಮೆಣಸಿನಕಾಯಿ ತಂದು ಸುಡುತ್ತಿದ್ದಳು, ಈಚೆ ಇವನು ಸಂತೆಯಿಂದ ಟೊಮೆಟೊ ತಂದು ಕುದಿಸುತ್ತಿದ್ದ. ಒಂದೇ ಹೊಗೆ ಇಬ್ಬರ ಕಣ್ಣಿಗೂ ಹೋಗುತ್ತಿತ್ತು. ಫೈಲಿನ ವಿಷಯದಲ್ಲೂ ಹಾಗೆಯೇ ಮಾತಾಯಿತು: ಅವಳ ಫೈಲನ್ನು ಅವಳಲ್ಲದೆ ಯಾರೂ ಮುಟ್ಟಬಾರದು, ಇವನ ಫೈಲನ್ನು ಇವನಲ್ಲದೆ ಯಾರೂ ಮುಟ್ಟಬಾರದು. ಪ್ಲಗಿನ್ ಬೋಝಿಲ್ಲನ ಪಾಲಾಯಿತು. ಬೋಝಿಲ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು. ನಾವಿಕರೆಲ್ಲ ಪರಿಚಯ, ಹಾಗಾಗಿ ಮಾರುವುದು ಅವನಿಗೆ ಸಲೀಸು. ನೈಚೊ ಬೋಝಿಲ್ಲನ ಆಫೀಸಿಗೆ ಬಂದು ಕೂತ, ಸ್ವೆತಾ ಮನೆಯಿಂದಲೇ ಫೈಲು ಕಳಿಸುತ್ತಿದ್ದಳು. ಇದನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವವನು ನಾನು. ನಲವತ್ತು ಪುಟ, ಚಿತ್ರ ಸಮೇತ. ಒಬ್ಬ ನಾವಿಕ ಅದನ್ನು ತುಂಬ ಹೊಗಳಿದ. ಮೇಜಿನ ಕಾಲಿನ ಕೆಳಗೆ ಇಟ್ಟರೆ ಮೇಜು ಅಲ್ಲಾಡುವುದಿಲ್ಲವಂತೆ.

ಹಂಚಿಕೆಯಾಗದೆ ಉಳಿದದ್ದು ಒಂದೇ, ಆ ನಿವೊ. ಇವನು ಬೆಳಿಗ್ಗೆ ತುಂಬಿಸಿದ ಅಂಕಿ ಅವಳ ನಕ್ಷೆಯಲ್ಲಿ ಬಣ್ಣವಾಗಿ ಹರಡುತ್ತಿತ್ತು. ನೈಚೊ ದಿನವೂ ಪರದೆಯ ಮುಂದೆ ಕೂತು ಆ ಬಣ್ಣ ಮೂಡುವುದನ್ನು ನೋಡುತ್ತಿದ್ದ. ಆಮೇಲೆ ಕಾಫಿ ಕುಡಿಯುತ್ತಿದ್ದ. ಆ ಕಾಫಿ ಕುಡಿಯುವಾಗ ಅವನ ಮುಖ ನೋಡಿದರೆ ಡೈವೋರ್ಸ್ ಆದವನು ಎಂದು ಯಾರೂ ಹೇಳುತ್ತಿರಲಿಲ್ಲ.

ಈ ವರ್ಷ ಆ ಹೊರದೇಶದ ನಕ್ಷೆ ಪ್ರೋಗ್ರಾಮಿನವರು ಹೊಸ ಆವೃತ್ತಿ ತಂದರು. ಪ್ಲಗಿನ್ನುಗಳನ್ನೆಲ್ಲ ಹೊಸ ಕಂಪೈಲರಿನಲ್ಲಿ ಕಟ್ಟಿಕೊಡಬೇಕು, ಏಪ್ರಿಲ್ ನಂತರ ಹಳೆಯವು ತೆರೆದುಕೊಳ್ಳುವುದಿಲ್ಲ ಎಂದರು. ಕಟ್ಟಿದೆವು. ಹೊಸ ಕಂಪೈಲರಿಗೆ ಹಳೆಯದರ ದಾಕ್ಷಿಣ್ಯವಿರಲಿಲ್ಲ. ಲಿಂಕರ್ ಅಲ್ಲೇ ನಿಂತು ಹಟ ಹಿಡಿಯಿತು: ನಿವೊ ಎರಡು ಕಡೆ ಹುಟ್ಟಿದೆ, ಮೊದಲು ಹುಟ್ಟಿದ್ದು ಇಲ್ಲಿ. 'ಇಲ್ಲಿ' ಎಂದು ಅದು ಬೆರಳು ತೋರಿಸಿದ್ದು ನೈಚೊನ ಫೈಲಿನತ್ತ, ಪಟ್ಟಿಯಲ್ಲಿ ಅದರ ಹೆಸರು ಮೊದಲು ಬರುತ್ತಿದ್ದುದರಿಂದ. ನೈಚೊ ಆ ದಿನ ಎರಡು ಕಾಫಿ ಕುಡಿದ.

"ಎಷ್ಟು ಹೊತ್ತಿನ ಕೆಲ್ಸ ಇದು?" ಎಂದು ಬೋಝಿಲ್ ಕೇಳಿದ.

"ಒಂದು ನಿಮಿಷ," ಎಂದ ನೈಚೊ.

"ಮತ್ತೆ ಮಾಡು!"

"ಒಬ್ರು ತಮ್ಮ ಸಾಲಿನ ಮುಂದೆ ಎಕ್ಸ್‌ಟರ್ನ್ ಅಂತ ಬರೀಬೇಕು. ಅಂದ್ರೆ, ಇದು ನನ್ನ ಹತ್ರ ಇಲ್ಲ, ಇನ್ನೊಬ್ರ ಮನೇಲಿದೆ ಅಂತ. ಯಾರು ಬರೀಬೇಕು ಅನ್ನೋದು ಇಬ್ರೂ ಕೂತು ಮಾತಾಡ್ಬೇಕು."

"ನೀನೇ ಬರ್ದು ಸಾಯಯ್ಯ!"

"ಸ್ವೆತಾ ಬರ್ಲಿ."

ಅಷ್ಟು ಹೇಳಿ ರೇಡಿಯೋ ಕೇಳುವವನಂತೆ ಸುಮ್ಮನಾದ. ಬೋಝಿಲ್ ಕೂಗಾಡಿದ, ಬಾಗಿಲು ಒದ್ದ, ಮೂವತ್ತು ನಾವಿಕರ ಹೆಸರು ಹೇಳಿ ಅವರ ಹೆಂಡತಿ ಮಕ್ಕಳ ಆಣೆ ಇಟ್ಟ. ಕಡೆಗೆ ನನ್ನತ್ತ ತಿರುಗಿ, "ನೀನು ಓದಿದವನಲ್ವೇನೋ, ಒಂದ್ಸಾಲು ಅಳಿಸೋಕೆ ಏನು ಕಷ್ಟ?" ಎಂದ. ನೈಚೊ ಊಟಕ್ಕೆ ಹೋದಾಗ ನಾನು ನನ್ನ ಯಂತ್ರದಲ್ಲಿ ಒಂದು ಪ್ರತಿ ಮಾಡಿಕೊಂಡು ಒಂದು ಸಾಲು ಅಳಿಸಿದೆ. ಮೊದಲು ಒಂದಿದ್ದ ತಕರಾರು ನಲವತ್ತಾಯಿತು: ನಿವೊ ಎಂದರೆ ಯಾರು, ನಿವೊ ಎಂದರೆ ಯಾರು ಎಂದು ಪರದೆಯ ತುಂಬ ಒಂದೇ ಪ್ರಶ್ನೆ. ಇನ್ನೊಂದನ್ನೂ ಅಳಿಸಿದರೆ ಸಮಾಧಾನವಾಗಬಹುದೆಂದು ಅದನ್ನೂ ಅಳಿಸಿದೆ. ಆಗ ಎಷ್ಟಾಯಿತೆಂದು ಹೇಳುವುದಿಲ್ಲ. ಪ್ರತಿಯನ್ನು ಕಸದ ಬುಟ್ಟಿಗೆ ಹಾಕಿ ಹೂವಿನಂಗಡಿಗೆ ನಡೆದೆ.

ಹೊರಡುವ ಮೊದಲು ನೈಚೊನನ್ನು ಮೆಟ್ಟಿಲ ಬಳಿ ಹಿಡಿದು ಕೇಳಿದ್ದೆ. "ನೈಚಣ್ಣ, ನಿಜ ಹೇಳು. ಸಾಲು ಯಾರ ಫೈಲಲ್ಲಿದ್ರೆ ನಿಂಗೇನು?"

"ಏನೂ ಇಲ್ಲ."

"ಮತ್ತೆ?"

"ಅವ್ಳು ಪಕ್ಕದಲ್ಲಿ ಕೂತ್ಕೋಬೇಕು. ಒಂದ್ಸಲ. ಆಮೇಲೆ ನಾನು ಹೇಳ್ತೀನಿ."

"ಏನು ಹೇಳ್ತೀಯ?"

ಅವನು ಟೋಪಿ ತೆಗೆದು ಒಳಗಡೆ ನೋಡಿದ, ಅಲ್ಲಿ ಬರೆದಿದೆಯೇನೋ ಎಂಬಂತೆ. "ನನ್ನ ನಿವೊ ತೆಗೆದ್ಬಿಡ್ತೀನಿ ಅಂತ. ಅವಳ ಹತ್ರಾನೇ ಇರ್ಲಿ. ನಂಗೆ ಬೇಕಾದಾಗ ಅಲ್ಲಿಂದ ತಗೋತೀನಿ, ಅಲ್ಲೇ ಇಡ್ತೀನಿ. ಇಷ್ಟು ದಿನ ಬಾಯಿಬಿಟ್ಟು ಹೇಳ್ಲಿಲ್ಲ, ತಪ್ಪಾಯ್ತು ಅಂತಾನೂ ಹೇಳ್ತೀನಿ. ಬಾಯಲ್ಲಿ."

ನೈಚೊ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ಗಾಬರಿಯಾಯಿತು. ಆ ಗಾಬರಿಯಲ್ಲೇ ಇರಬೇಕು, ಒಂಬತ್ತು ಹೂವಿನ ಯೋಚನೆ ಇದ್ದವನು ಏಳಕ್ಕೆ ನಿಂತೆ.

ಇಷ್ಟನ್ನು ಎದೆಯಲ್ಲಿಟ್ಟುಕೊಂಡು ಸ್ವೆತಾಳ ಅಡಿಗೆಮನೆಯಲ್ಲಿ ಕೂತಿದ್ದೆ. ನೈಚೊ ಹೇಳಿದ್ದನ್ನು ಹೇಳುವಂತಿಲ್ಲ. ಅದು ಅವನ ಬಾಯಿಂದ ಬರಬೇಕಾದ್ದು. ಅವಳು ಚಹಾ ಇಟ್ಟಳು, ನಾಯಿ ನನ್ನ ಬೂಟಿನ ಮೇಲೆ ತಲೆ ಇಟ್ಟಿತು.

"ಹೊಸ ಕಂಪೈಲರ್ ಬರತ್ತೆ ಅಂತ ನಂಗೊತ್ತಿತ್ತು," ಎಂದಳು ಸ್ವೆತಾ. "ಅವ್ನು ಒಂದು ಪದ ಬರ್ದ್ರೆ ಮುಗೀತಲ್ಲ. ಬರ್ಯೋದು ಅವ್ನಿಗೆ ಬರತ್ತಲ್ಲಪ್ಪ, ಬರ್ಯೋದೇ ಬರೋದು."

"ಮಾತಾಡಿ ಮಾಡೋಣ ಅಂತಾನಕ್ಕ."

"ಮಾತು? ನೈಚೊನಾ?" ಅವಳು ನಕ್ಕಳು. ನಗು ಬೇಗ ಮುಗಿಯಿತು. "ಇಪ್ಪತ್ಮೂರು ವರ್ಷ ಇದ್ನಲ್ಲೋ ಪಕ್ಕದಲ್ಲೇ. ಒಂದು ಮೊಳ ದೂರ. ಈಗ ಊರಾಚೆ ಈಚೆ ಆದ್ಮೇಲೆ ಮಾತಂತೆ."

"ಒಂದ್ಸಲ ಬಾ ಸ್ವೆತಕ್ಕ. ನಮ್ಮೆಲ್ಲರ ಕೂಳು ಇದೆ ಇದ್ರಲ್ಲಿ. ನಾನು ಈ ವಯಸ್ಸಲ್ಲಿ ಬೇರೆ ಕಡೆ ಹೋದ್ರೆ, ಯಾರೂ ಓದದ ಪುಸ್ತಕ ಬರೆಯೋಕೆ ಇನ್ಯಾರು ಸಂಬಳ ಕೊಡ್ತಾರೆ?"

ಅವಳು ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದಳು. "ಗುರುವಾರ ಬರ್ತೀನಿ," ಎಂದಳು. "ಬೆಳಿಗ್ಗೆ. ಹತ್ತಕ್ಕೆ ನಾಯಿ ಡಾಕ್ಟರ್ ಹತ್ರ ಹೋಗೋದಿದೆ, ಅದಕ್ಕೆ ಮುಂಚೆ."

ಗುರುವಾರ ನೈಚೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕಾಲರಿನ ಒಂದು ಕಿವಿ ಮಾತ್ರ ಮಡಿಸಿಹೋಗಿತ್ತು. ಸರಿಮಾಡುವ ಧೈರ್ಯ ನನಗಾಗಲಿಲ್ಲ. ಬೋಝಿಲ್ಲನ ಕೋಣೆಯಿಂದ ಅಲ್ಲಾಡದ ಕುರ್ಚಿಯನ್ನು ಕೇಳದೆ ಹೊತ್ತು ತಂದು ತನ್ನ ಎಡಕ್ಕೆ ಹಾಕಿದ. ಅಡಿಗೆಮನೆಯ ಮೇಜಿನಲ್ಲಿ ಅವಳು ಕೂರುತ್ತಿದ್ದುದು ಎಡಕ್ಕೆ. ಚೀಸ್ ತುಂಬಿದ ಬಿಸಿ ಬಾನಿತ್ಸಾ ತಂದು ಕಾಗದದ ಸಮೇತ ಹೀಟರಿನ ಮೇಲಿಟ್ಟ. ಆಮೇಲೆ ಕುರ್ಚಿಯನ್ನು ಒಂದು ಗೇಣು ಹತ್ತಿರ ಎಳೆದ. ಯೋಚಿಸಿ, ಅರ್ಧ ಗೇಣು ದೂರ ತಳ್ಳಿದ.

"ಹೇಳೋದು ನೆನಪಿದೆಯಾ ಅಣ್ಣ?" ಎಂದೆ.

ಅವನು ಹೌದೆಂದು ತಲೆಯಾಡಿಸಿದ.

ಸ್ವೆತಾ ಬಂದಳು. ಮಾರ್ಚ್ ತಿಂಗಳಾದ್ದರಿಂದ ಅವಳ ಮಣಿಕಟ್ಟಿನಲ್ಲಿ ವಸಂತದ ಶುಭಕ್ಕೆಂದು ಯಾರ್ಯಾರೋ ಕಟ್ಟಿದ ಕೆಂಪು ಬಿಳಿ ದಾರಗಳು. ಬೋಝಿಲ್ ಎದ್ದು ನಿಂತು ಅವಳ ಕೋಟನ್ನು ತಾನೇ ತೆಗೆದುಕೊಂಡ. ಅವಳು ಎಡಗಡೆಯ ಕುರ್ಚಿಯಲ್ಲಿ ಕೂತಳು. ನೈಚೊ ಕಣ್ಣು ಎತ್ತಲಿಲ್ಲ, ಆದರೆ ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು.

"ಹೇಗಿದೀಯ?" ಎಂದಳು.

"ಹೂಂ."

"ಬೆನ್ನು?"

"ಹೂಂ."

ನಾನು ಮೇಜಿನ ಅಡಿ ಅವನ ಕಾಲನ್ನು ಒದ್ದೆ. ಅವನು ಬಾಯಿ ತೆರೆದ. ಮೂವರೂ ಕಾದೆವು. "ಬಾನಿತ್ಸಾ ತಣ್ಣಗಾಗತ್ತೆ," ಎಂದ.

ಸ್ವೆತಾ ಅವನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಏನಾದರೂ ಬರಬಹುದೆಂದು ನಿಜವಾಗಿಯೂ ಕಾದಳು; ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಕೆಳಗೆ ಬಂದರಿನಲ್ಲಿ ಯಾವುದೋ ಹಡಗು ಒಂದು ಸಲ ಕೂಗಿತು. ನೈಚೊ ಮತ್ತೆ ಬಾಯಿ ತೆರೆದ, ಮತ್ತೆ ಮುಚ್ಚಿದ.

ಅವಳು ಕೈಚೀಲದಿಂದ ಬೆರಳಿನಷ್ಟು ಉದ್ದದ ಪೆನ್‌ಡ್ರೈವ್ ತೆಗೆದು ಅವನ ಯಂತ್ರಕ್ಕೆ ಸಿಕ್ಕಿಸಿದಳು. "ನಾನು ಮನೇಲೇ ಸರಿ ಮಾಡ್ಕೊಂಡು ಬಂದಿದೀನಿ. ಇದು ನನ್ನ ಹೊಸ ಫೈಲು. ಕಟ್ಟಿ ನೋಡೋಣ."

ಅವಳೇ ಕೀಲಿಮಣೆ ಎಳೆದುಕೊಂಡು ಕಟ್ಟಿದಳು. ನಾವೆಲ್ಲ ಲಿಂಕರಿನ ಬೈಗುಳಕ್ಕೆ ಕಾದೆವು. ಬರಲಿಲ್ಲ. ಪರದೆಯ ಮೇಲೆ ಖಾಲಿ ಸಾಲೊಂದು ಮಿಣುಕುತ್ತಿತ್ತು. ಬೋಝಿಲ್ ಚಪ್ಪಾಳೆ ತಟ್ಟಿದ.

ನೈಚೊ ಪರದೆಗೆ ಹತ್ತಿರ ಬಗ್ಗಿದ. "ನಿವೊ?"

"ಇದೆ. ಮುಂದೆ ಸ್ಟ್ಯಾಟಿಕ್ ಅಂತ ಹಾಕಿದೀನಿ." ನನ್ನ ಮುಖ ನೋಡಿ, ನನಗೂ ಅರ್ಥವಾಗುವಂತೆ ಹೇಳಿದಳು: "ಅಂದ್ರೆ ನನ್ನ ಫೈಲಿನ ಒಳಗಿಂದು, ಮಿಂಕೊ. ಹೊರಗಿನವ್ರಿಗೆ ಕಾಣಲ್ಲ. ಹೆಸರು ಒಂದೇ ಆದ್ರೂ ಈಗ ಇವ್ನದು ಬೇರೆ, ನಂದು ಬೇರೆ. ಜಗಳ ಇಲ್ಲ."

"ತುಂಬೋದು?" ಎಂದ ನೈಚೊ.

"ನಾನೇ. ಜಲ ಇಲಾಖೆಯವ್ರು ಈಗ ನೆಟ್ಟಲ್ಲೇ ಕೊಡ್ತಾರಲ್ಲ. ನೇರ ತಗೋತೀನಿ. ಹತ್ತು ಸಾಲು ಅಷ್ಟೆ."

"ನನ್ನ ನಿವೊ?"

ಅವಳು ಕೀಲಿಮಣೆಯನ್ನು ಅವನತ್ತ ವಾಪಸು ಸರಿಸಿದಳು. "ಇರ್ಲಿ ಬಿಡು," ಎಂದಳು ಮೆತ್ತಗೆ. "ಯಾರಿಗೂ ಅಡ್ಡ ಬರಲ್ಲ."

ಆಮೇಲೆ ಅವಳು ಬಾನಿತ್ಸಾದ ಒಂದು ತುಂಡು ತಿಂದಳು, ಚೆನ್ನಾಗಿದೆ ಎಂದಳು, ನಾಯಿಗೆ ಕಿವಿಯ ತೊಂದರೆ ಎಂದಳು. ಎದ್ದಾಗ ಅವನ ಮಡಿಸಿದ ಕಾಲರ್ ಅವಳ ಕಣ್ಣಿಗೆ ಬಿತ್ತು. ಕೈ ಒಂದಿಷ್ಟು ಮೇಲೆ ಬಂತು. ಹಾಗೇ ಹೋಗಿ ತನ್ನ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಿತು. "ಬರ್ತೀನಿ, ನೈಚೊ," ಎಂದಳು. ಅವನು ಎದ್ದು ನಿಂತ. ಮೆಟ್ಟಿಲ ಮೇಲೆ ಅವಳ ಬೂಟಿನ ಸದ್ದು ಪೂರ್ತಿ ನಿಲ್ಲುವವರೆಗೂ ನಿಂತೇ ಇದ್ದ.

"ಹೇಳ್ಬೇಕಿತ್ತಲ್ಲ ಅಣ್ಣ!" ಎಂದೆ. "ಇನ್ನೂ ಬಾಗ್ಲ ಹತ್ರಾನೇ ಇರ್ತಾಳೆ, ಓಡು!"

ಅವನು ಓಡಲಿಲ್ಲ. ಕೂತು ಅವಳ ಹೊಸ ಫೈಲನ್ನು ತೆರೆದ. ತುದಿಯಿಂದ ಬುಡದವರೆಗೆ ನಿಧಾನವಾಗಿ ಇಳಿಸುತ್ತ ಹೋದ. ಏನು ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು. ಅವನ ಹಿಂದೆ ನಿಂತು ನಾನೂ ಹುಡುಕಿದೆ. ಅವಳು ಇಡೀ ಫೈಲನ್ನು ತೊಳೆದು ಬಳಿದು ಹೊಸದಾಗಿ ಬರೆದಿದ್ದಳು. ಒಂದೇ ಒಂದು ಕಮೆಂಟ್ ಇರಲಿಲ್ಲ. ಹಳೆಯವೂ ಇರಲಿಲ್ಲ. ಬಣ್ಣ ಚೆನ್ನಾಗಿದೆ ಎಂದದ್ದು, ಹಾಲು ಮುಗಿದದ್ದು, ಅವಳ ಅಪ್ಪ, ಎಲ್ಲ ಹೋಗಿದ್ದವು. ಮರಳು ದಿಣ್ಣೆಗೆ ಕೆಂಪು ಬಳಿಯುವ ಸಾಲುಗಳು ಒಂದರ ಕೆಳಗೊಂದು ಚೊಕ್ಕಟವಾಗಿ ನಿಂತಿದ್ದವು. ನೈಚೊ ಕೊನೆಗೆ ಮುಟ್ಟಿ, ಮತ್ತೆ ಮೇಲಕ್ಕೆ ಹೋಗಿ, ಇನ್ನೊಮ್ಮೆ ಇಳಿದ.

ಏಪ್ರಿಲ್ಲಿಗೆ ಹೊಸ ಸೋಮ್ ನಾವಿಕರ ಕೈ ಸೇರಿತು. ಒಳ್ಳೆಯ ಹೆಸರು ಬಂತು. ಹೊಸ ಅಂಕಿ ಹಳೆಯದಕ್ಕಿಂತ ಬೇಗ ಬರುತ್ತದೆ ಎಂದು ಒಬ್ಬ ನಾವಿಕ ಬೋಝಿಲ್ಲನಿಗೆ ಫೋನು ಮಾಡಿ ಹೇಳಿದ. ಬೋಝಿಲ್ ಅದನ್ನು ಸ್ಪೀಕರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದ, ಆಮೇಲೆ ನೈಚೊನನ್ನು ನೋಡಿ ತಟ್ಟನೆ ಆರಿಸಿದ. ಬೋಝಿಲ್ ಕೆಟ್ಟವನಲ್ಲ. ನೈಚೊನ ಫೈಲನ್ನು ಪ್ಲಗಿನ್ನಿನಿಂದ ತೆಗೆದುಹಾಕಿ ಎಂದು ಅವನು ಇವತ್ತಿಗೂ ಹೇಳಿಲ್ಲ. ಓಡುತ್ತಿರುವುದನ್ನು ಮುಟ್ಟಬಾರದು ಎಂಬುದು ಅವನು ಕ್ರೇನಿನಿಂದ ಕಲಿತ ಪಾಠ.

ಹಾಗಾಗಿ ನೈಚೊ ಈಗಲೂ ಬರುತ್ತಾನೆ. ಬೇಸಿಗೆಯಲ್ಲಿ ನೀರು ತುಂಬ ಇಳಿಯಿತು. ಎದುರಿನ ರುಮೇನಿಯಾ ದಂಡೆಯ ಕಡೆ ಮರಳು ಎದ್ದು ಕಾಣುತ್ತಿತ್ತು. ಮೇಲಿನ ಯಾವುದೋ ಊರಿನಲ್ಲಿ ಅಳತೆಗೋಲು ಬದಲಿಸಿದ್ದಾರೆಂದು ಸುದ್ದಿ ಬಂದಾಗ ನೈಚೊ ವಾರಗಟ್ಟಲೆ ಕೂತು ತನ್ನ ಫೈಲಿನಲ್ಲಿ ಅದಕ್ಕೆ ತಕ್ಕ ಲೆಕ್ಕ ತಿದ್ದಿದ. ಹಳೆಯ ಅಂಕಿ ಹೊಸ ಅಂಕಿ ಎರಡನ್ನೂ ತಾಳೆ ನೋಡಿದ. ಅವನು ತುಂಬಿಸುವ ಆ ಡಬ್ಬಿಯನ್ನು ಇಡೀ ಪ್ರೋಗ್ರಾಮಿನಲ್ಲಿ ತೆರೆದು ನೋಡುವ ಒಂದೇ ಒಂದು ಸಾಲೂ ಉಳಿದಿಲ್ಲವೆಂದು ನನ್ನಂಥವನಿಗೂ ಗೊತ್ತು. ಈಗ ಅವನು ಪರದೆಯ ಮೇಲೆ ಬಣ್ಣ ಮೂಡುವುದನ್ನು ನೋಡುವುದಿಲ್ಲ. ಅಂಕಿ ಹಾಕುತ್ತಾನೆ, ಕಿಟಕಿ ಮುಚ್ಚುತ್ತಾನೆ.

ಒಂದು ದಿನ ತಡೆಯಲಾರದೆ ಅವನ ಎಡಗಡೆಯ ಕುರ್ಚಿಯಲ್ಲಿ ಕೂತೆ. ಅದನ್ನು ಬೋಝಿಲ್ ವಾಪಸು ಕೇಳಿರಲಿಲ್ಲ, ಯಾರೂ ಅದರಲ್ಲಿ ಕೂರುತ್ತಲೂ ಇರಲಿಲ್ಲ.

"ನೈಚಣ್ಣ," ಎಂದೆ, "ಯಾರೂ ನೋಡದೆ ಇರೋ ಡಬ್ಬೀನ ದಿನಾ ಬೆಳಿಗ್ಗೆ ಯಾಕೆ ತುಂಬಿಸ್ತೀಯ?"

ಅವನು ಇವತ್ತಿನ ಅಂಕಿಯನ್ನು ಹಾಕಿ ಮುಗಿಸಿ, ಸರಿಯಿದೆಯೇ ಎಂದು ಇನ್ನೊಮ್ಮೆ ನೋಡಿ, ನನ್ನತ್ತ ತಿರುಗಿದ.

"ತುಂಬದೆ ಇದ್ರೆ ಅದ್ರಲ್ಲಿ ಸೊನ್ನೆ ಇರತ್ತೆ," ಎಂದ.